ಪ್ರಾಗ್ ನಗರದ ಪ್ರಬೋಧಕ ಯಾನ್ ಹುಸ್

ಇಂತಹ ಸ್ಮರಣ ಸಂಚಿಕೆಗಳಲ್ಲಿ ಸಂತರ ಚರಿತ್ರೆಗಳನ್ನು ಪ್ರಕಟಿಸುವುದು ವಾಡಿಕೆ. ಇಲ್ಲಿ ನಿರೂಪಿಸಹೊರಟಿರುವುದಾದರೋ ಸಂತಪದವಿ ದೊರೆಯದ, ಧರ್ಮಸಭೆಯ ಮಹಾಸಭೆಯೊಂದರಿಂದಲೇ ದಂಡನೆಗೊಳಗಾದ ಯಾಜಕರೊಬ್ಬರ ಜೀವನವನ್ನು. ಕಥೋಲಿಕರಾದ ನಮಗೆ ಇದು ನೋವಿನ ಕಥೆ, ಆದರೂ ಅರಿಯತಕ್ಕದ್ದು.

ಯಾನ್ ಹುಸ್ ಅವರು ಸುಮಾರು 1370ರಲ್ಲಿ ಬೊಹೇಮಿಯಾ ರಾಜ್ಯದ, ಎಂದರೆ ಇಂದಿನ ಚೆಕ್ ದೇಶದ, ಹುಸಿನೆಟ್ಸ್ ಎಂಬ ಊರಿನ ಬಡ ಕುಟುಂಬದಲ್ಲಿ ಜನಿಸಿದರು. ಪ್ರಾಗ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1400ರಲ್ಲಿ ಗುರುದೀಕ್ಷೆ ಪಡೆದು, 1402ರಲ್ಲಿ ಬೆತ್ಲೆಹೇಮ್ ಪ್ರಾರ್ಥನಾಲಯದ ಪ್ರಬೋಧಕರಾದರು. ಜನರ ಆಡುಮಾತಾದ ಚೆಕ್ ಭಾಷೆಯಲ್ಲಿ ಪ್ರಬೋಧನೆ ನಡೆಯಬೇಕೆಂಬ ಉದ್ದೇಶದಿಂದಲೇ 1391ರಲ್ಲಿ ಸ್ಥಾಪಿತವಾಗಿದ್ದ ಆ ಆಲಯದಲ್ಲಿ ಕುಶಲಕರ್ಮಿಗಳೂ ವಿದ್ಯಾರ್ಥಿಗಳೂ ಕಿಕ್ಕಿರಿದು ನೆರೆಯುತ್ತಿದ್ದರು. ಯಾಜಕರ ಧನದಾಹವನ್ನು ಹುಸ್ ಅವರು ಮುಚ್ಚುಮರೆಯಿಲ್ಲದೆ ಖಂಡಿಸಿದರು. ಇಂಗ್ಲೆಂಡಿನ ಜಾನ್ ವಿಕ್ಲಿಫರ ಗ್ರಂಥಗಳ ಪ್ರಭಾವ ಅವರ ಮೇಲಿತ್ತು. ಆದರೆ ಪರಮಪ್ರಸಾದವನ್ನು ಕುರಿತ ಧರ್ಮಸಭೆಯ ವಿಶ್ವಾಸವನ್ನು ಅವರು ಎಂದೂ ನಿರಾಕರಿಸಲಿಲ್ಲ.

ಕಾಲವಾದರೋ ವಿಷಮವಾಗಿತ್ತು. 1378ರಿಂದ ಒಡೆದಿದ್ದ ಧರ್ಮಸಭೆಯಲ್ಲಿ 1409ರ ಬಳಿಕ ಮೂವರು ತಾವೇ ಜಗದ್ಗುರುಗಳೆಂದು ಸಾರುತ್ತಿದ್ದರು. ಅವರಲ್ಲೊಬ್ಬರಾದ ಇಪ್ಪತ್ತಮೂರನೆಯ ಜಾನ್ (ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಕರೆದ ಸಂತ ಇಪ್ಪತ್ತಮೂರನೆಯ ಜಾನರೆಂದು ಓದುಗರು ಭ್ರಮಿಸಬಾರದು) ನೇಪಲ್ಸ್ ರಾಜನ ವಿರುದ್ಧದ ಯುದ್ಧಕ್ಕೆ ಹಣ ಕೂಡಿಸಲೆಂದು ಪಾಪದಂಡನೆಯ ವಿಮೋಚನೆಯನ್ನು ಘೋಷಿಸಿದರು. 1412ರಲ್ಲಿ ಹುಸ್ ಅವರು ಇದನ್ನು ಬಹಿರಂಗವಾಗಿ ವಿರೋಧಿಸಿ ಅರಸನ ಕೃಪೆಯನ್ನು ಕಳೆದುಕೊಂಡರು. ಪ್ರತಿಭಟಿಸಿದ ಮೂವರು ಯುವಕರ ಶಿರಚ್ಛೇದನವಾಯಿತು. ತಮ್ಮ ನಿಮಿತ್ತ ಇಡೀ ನಗರವೇ ಸಂಸ್ಕಾರಗಳಿಂದ ವಂಚಿತವಾಗಬಾರದೆಂದು ಅವರು ಪ್ರಾಗನ್ನು ತೊರೆದು, ಹಳ್ಳಿಗರಿಗೆ ಬಯಲಿನಲ್ಲಿ ಬೋಧಿಸಿದರು. ಧರ್ಮಸಭೆಯನ್ನು ಕುರಿತ ಅವರ ಮುಖ್ಯ ಗ್ರಂಥ ರಚಿತವಾದುದು ಈ ಅವಧಿಯಲ್ಲೇ, 1413ರಲ್ಲಿ. ಅದರಲ್ಲಿ ನಾವು ಒಪ್ಪಲಾಗದ ವಿಚಾರಗಳಿವೆ ಎಂಬುದನ್ನೂ ಹೇಳಲೇಬೇಕು.

ಕಾನ್‌ಸ್ಟನ್ಸ್ ಮಹಾಸಭೆಗೆ ಬರಲು ಸಿಗಿಸ್ಮಂಡ್ ದೊರೆ ಅವರಿಗೆ ಅಭಯಪತ್ರ ನೀಡಿದ್ದನು. 1414ರ ನವೆಂಬರ್ 3ರಂದು ಅವರು ಅಲ್ಲಿಗೆ ತಲುಪಿದರು. ತಿಂಗಳು ಮುಗಿಯುವ ಮೊದಲೇ ಬಂಧಿತರಾದರು. ಡೊಮಿನಿಕನ್ ಮಠದ ಕೊಳಕು ಕೋಣೆಯಲ್ಲಿ ರೋಗಪೀಡಿತರಾದರು. ತಪ್ಪೊಪ್ಪಿಗೆಯ ಒಂದು ಮಾತು ಅವರ ಪ್ರಾಣವನ್ನು ಉಳಿಸುತ್ತಿತ್ತು. ಆದರೆ ತಾವು ಎಂದೂ ಬೋಧಿಸದ ವಿಚಾರಗಳನ್ನು ಬೋಧಿಸಿದ್ದುದಾಗಿ ಒಪ್ಪಿ ತ್ಯಜಿಸುವುದು ದೇವರ ಮುಂದೆ ಸುಳ್ಳಾಡಿದಂತೆ ಎಂಬುದು ಅವರ ನಿಲುವಾಗಿತ್ತು. 1415ರ ಜುಲೈ 6ರಂದು ಪ್ರಧಾನಾಲಯದಲ್ಲಿ ಅವರ ಯಾಜಕವಸ್ತ್ರಗಳನ್ನು ಒಂದೊಂದಾಗಿ ಕಳಚಿ, ದೆವ್ವಗಳ ಚಿತ್ರ ಬರೆದ ಕಾಗದದ ಕಿರೀಟವನ್ನು ತಲೆಗಿಟ್ಟು, ಊರ ಹೊರಗೆ ಸಜೀವವಾಗಿ ಸುಟ್ಟರು. ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಅದೇ ಮಹಾಸಭೆ ಐದು ವಾರಗಳ ಹಿಂದೆಯಷ್ಟೇ ಆ ಜಾನರನ್ನೂ ಪದಚ್ಯುತಗೊಳಿಸಿತ್ತು. ಅವರಿಗೆ ಮಾತ್ರ ಮರಣದಂಡನೆ ಆಗಲಿಲ್ಲ.

ಬೊಹೇಮಿಯಾ ಹೊತ್ತಿ ಉರಿಯಿತು. ಸಾಮಾನ್ಯ ವಿಶ್ವಾಸಿಗಳಿಗೂ ದ್ರಾಕ್ಷಾರಸದ ಪಾತ್ರೆ ಸಲ್ಲಬೇಕೆಂಬುದು ಹುಸ್ ಅನುಯಾಯಿಗಳ ಗುರುತಾಯಿತು. 1420ರಿಂದ 1431ರವರೆಗೆ ಅವರ ಮೇಲೆ ದಂಡಯಾತ್ರೆಗಳು ನಡೆದವು. ಕೊನೆಗೆ 1436ರ ಒಪ್ಪಂದದಲ್ಲಿ ಅವರಿಗೆ ಆ ಪಾತ್ರೆ ದೊರೆಯಿತು. ಉಭಯ ರೂಪದ ಪರಮಪ್ರಸಾದಕ್ಕೆ ಕೆಲವು ಸಂದರ್ಭಗಳಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅವಕಾಶ ನೀಡಿತು. ಜನಭಾಷೆಯಲ್ಲಿ ಪೂಜಾವಿಧಿಗೂ ಅದೇ ವರ್ಷ ದಾರಿಯಾಯಿತು.

1999ರ ಡಿಸೆಂಬರ್ 17ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಹುಸ್ ಅವರ ಕ್ರೂರ ಮರಣಕ್ಕಾಗಿ ಆಳವಾದ ವಿಷಾದವನ್ನು ವ್ಯಕ್ತಪಡಿಸಿ, ಅವರ ನೈತಿಕ ಧೈರ್ಯವನ್ನು ಸ್ಮರಿಸಿದರು. ಚೆಕ್ ದೇಶದಲ್ಲಿ ಇಂದು ಜುಲೈ 5 ಸಂತ ಸಿರಿಲ್ ಮತ್ತು ಮೆಥೋಡಿಯಸರ ದಿನವಾದರೆ, ಮರುದಿನ ಯಾನ್ ಹುಸ್ ಅವರ ದಿನ. ಎರಡೂ ಸಾರ್ವತ್ರಿಕ ರಜಾದಿನಗಳು.