ಗೆಳೆಯರ ಬಳಗದ ಮುಂದಾಳು ಮಧುರಚೆನ್ನರು

ವಿಜಯಪುರ ಜಿಲ್ಲೆಯ ಚಡಚಣಕ್ಕೆ ಸಮೀಪವಾದ ಹಲಸಂಗಿಯು ಚಿಕ್ಕ ಗ್ರಾಮ. ಆದರೂ ಕನ್ನಡ ಸಾಹಿತ್ಯದಲ್ಲಿ ಅದರ ಹೆಸರು ಸ್ಥಿರವಾಗಿ ನಿಂತಿದೆ. ಇದಕ್ಕೆ ಮುಖ್ಯ ಕಾರಣರು 1903ರಲ್ಲಿ ಜನಿಸಿದ ಚೆನ್ನಮಲ್ಲಪ್ಪ ಗಲಗಲಿಯವರು; ಅವರೇ ನಾಡು ಬಲ್ಲ ಮಧುರಚೆನ್ನರು.

ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರು ಅವರೊಡನೆ ಕೂಡಿದರು. ಆ ಕೂಟಕ್ಕೆ ಮತಭೇದವು ಅಡ್ಡಬರಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಲ್ಲಿ ಮಾತ್ರ ಉಳಿದಿದ್ದ ಹಾಡುಗಳನ್ನು, ಅವು ಅಳಿಯುವ ಮುನ್ನ ಬರೆದಿಡುವುದೇ ಅವರು ಕೈಕೊಂಡ ಕಾರ್ಯ. ಅದು ಒಬ್ಬನಿಂದ ಆಗತಕ್ಕದ್ದಲ್ಲ. ಮನೆಮನೆಯ ವಿಶ್ವಾಸವೂ ಹಲವರ ತಾಳ್ಮೆಯೂ ಬೇಕು. ಹೀಗೆ 1931ರಲ್ಲಿ ಗರತಿಯ ಹಾಡು, 1933ರಲ್ಲಿ ಜೀವನ ಸಂಗೀತ, 1935ರಲ್ಲಿ ಮಲ್ಲಿಗೆ ದಂಡೆ ಬೆಳಕಿಗೆ ಬಂದವು. ಕೀರ್ತಿಯು ಒಬ್ಬರದಾಗದೆ ಹಲಸಂಗಿ ಗೆಳೆಯರೆಂಬ ಕೂಡುಹೆಸರಿಗೆ ಸಂದಿತು.

ಮುಂದಾಳಾದವನು ತನ್ನ ಸಂಶಯವನ್ನು ಬಚ್ಚಿಡಬೇಕೆಂದು ಅನೇಕರು ಭಾವಿಸುವರು. ಮಧುರಚೆನ್ನರು ಹಾಗೆಣಿಸಲಿಲ್ಲ. ತಾವು ದಾಟಿಬಂದ ಅಂತರಂಗದ ಕತ್ತಲೆಯನ್ನೂ ಕಂಡ ಬೆಳಕನ್ನೂ ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಕೃತಿಗಳಲ್ಲಿ ಮರೆಮಾಚದೆ ತೆರೆದಿಟ್ಟರು. ತನ್ನ ಕೊರತೆಯನ್ನು ಒಪ್ಪಿಕೊಂಡವನ ಮುಂದೆ ಇತರರೂ ಅಂಜದೆ ಮಾತನಾಡುವರು.

ಶ್ರೀ ಅರವಿಂದರ ಮಾರ್ಗದಲ್ಲಿ ನಡೆದ ಅವರು 1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ದೇಹವನ್ನು ಬಿಟ್ಟರು. ಆದರೆ ಕಾರ್ಯವು ನಿಲ್ಲಲಿಲ್ಲ. ಸಿಂಪಿ ಲಿಂಗಣ್ಣನವರು ಮುಂದೆಯೂ ದಶಕಗಳ ಕಾಲ ಜಾನಪದ ಸೇವೆಯಲ್ಲಿ ನಿರತರಾಗಿದ್ದರು. ತಾನಿಲ್ಲದ ಮೇಲೆಯೂ ನಡೆಯುವಂತೆ ಜೊತೆಗಾರರನ್ನು ಬೆಳೆಸುವುದೇ ನಿಜವಾದ ಮುಂದಾಳುತನ. ಸಂಘಗಳನ್ನು ಕಟ್ಟಹೊರಟವರು ಈ ಜೀವನವನ್ನು ಮನನ ಮಾಡತಕ್ಕದ್ದು.