ನಡೆಯಲಾಗದ ಅಪ್ಪ, ಐದು ಮಕ್ಕಳು

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂದರೆ ಎರಡನೇ ಮಹಾಯುದ್ಧ, ನಾಲ್ಕು ಸಲ ಗೆದ್ದ ಚುನಾವಣೆ ಅಂತ ನಾವು ಶಾಲೆಯಲ್ಲಿ ಓದಿದ್ದು. ಅವರ ಕಾಲುಗಳಿಗೆ ಸ್ವಾಧೀನ ಇರಲಿಲ್ಲ, ಮನೆಯಲ್ಲಿ ಐದು ಮಕ್ಕಳಿದ್ದರು ಅನ್ನುವುದು ಪಾಠದಲ್ಲಿ ಇರಲಿಲ್ಲ. ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿರುವ ನಮ್ಮಂಥವರು ಓದಬೇಕಾದ ಭಾಗ ಅದೇ.

ಅವರು ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ, ಅನುಕೂಲಸ್ಥರ ಮನೆಯಲ್ಲಿ. 1905ರಲ್ಲಿ ಎಲೀನರ್ ಜೊತೆ ಮದುವೆಯಾಯಿತು. ಆರು ಮಕ್ಕಳಲ್ಲಿ ಒಂದು ಕೂಸಾಗಿದ್ದಾಗಲೇ ತೀರಿಕೊಂಡಿತು. 1921ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಮಕ್ಕಳ ಜೊತೆ ರಜೆ ಕಳೆಯುತ್ತಿದ್ದಾಗ, ಒಂದು ದಿನ ಈಜಿ ಬಂದವರಿಗೆ ಚಳಿ ಹತ್ತಿತು. ಎರಡು ಮೂರು ದಿನದಲ್ಲಿ ಎರಡೂ ಕಾಲು ಬಿದ್ದುಹೋದವು. ವೈದ್ಯರು ಪೋಲಿಯೋ ಅಂದರು. ಆಗ ಅವರಿಗೆ 39 ವರ್ಷ. ದೊಡ್ಡ ಮಗಳು ಆ್ಯನಾಗೆ 15, ಕಿರಿಯ ಮಗ ಜಾನ್‌ಗೆ ಬರೀ 5. ಸೋಂಕಿನ ಭಯಕ್ಕೆ ಮಕ್ಕಳು ಬಾಗಿಲಲ್ಲೇ ನಿಂತು ಅಪ್ಪನನ್ನು ಇಣುಕಿ ನೋಡಬೇಕಾಯಿತು.

ಮನೆಗೆ ಮರಳಿದ ಮೇಲೆ ರೂಸ್‌ವೆಲ್ಟ್ ತಮ್ಮ ಕಾಲನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಸೊರಗಿದ ಕಾಲು ತೋರಿಸಿ ಒಂದೊಂದು ಸ್ನಾಯುವಿನ ಹೆಸರು ಹೇಳಿಕೊಟ್ಟರು. ಯಾವುದಾದರೂ ಸ್ವಲ್ಪ ಚುರುಕಾದರೆ ಮಕ್ಕಳೂ ಕೂಗಿ ಕುಣಿಯುತ್ತಿದ್ದರು. ನೆಲದ ಮೇಲೆ ಹುಡುಗರ ಜೊತೆ ಕುಸ್ತಿ ಆಡುತ್ತಿದ್ದರು, ತೋಳಲ್ಲಿ ಬಲ ಇತ್ತಲ್ಲ! ಸಾಧಾರಣ ಕುರ್ಚಿಗೆ ಗಾಲಿ ಹಾಕಿಸಿಕೊಂಡರು. ಕೈಯಿಂದಲೇ ಓಡಿಸುವಂತೆ ಕಾರಿಗೆ ಲಿವರ್ ಕೂಡಿಸಿಕೊಂಡರು. ಎದ್ದು ನಿಲ್ಲಬೇಕಾದರೆ ಸೊಂಟದಿಂದ ಪಾದದವರೆಗೆ ಉಕ್ಕಿನ ಪಟ್ಟಿ ಬೇಕು, ಮೊಣಕಾಲ ಹತ್ತಿರ ಅದಕ್ಕೆ ಲಾಕ್. 1924ರ ಜೂನ್‌ನಲ್ಲಿ ನ್ಯೂಯಾರ್ಕಿನ ಪಕ್ಷದ ಮಹಾಸಭೆಗೆ ಹೋದಾಗ ಅವರು ಹಿಡಿದದ್ದು 16 ವರ್ಷದ ಮಗ ಜೇಮ್ಸ್‌ನ ತೋಳನ್ನು. ಕೊನೆಯ ಕೆಲವು ಹೆಜ್ಜೆ ಮಾತ್ರ ಎರಡು ಊರುಗೋಲಿನ ಮೇಲೆ ಒಬ್ಬರೇ ಇಟ್ಟರು.

ಆದರೆ ಈ ಕಥೆಗೆ ಇನ್ನೊಂದು ಮುಖ ಇದೆ. ಕಾಲು ಬರುತ್ತದೆ ಅನ್ನುವ ಆಸೆಯಿಂದ ಅವರು ಫ್ಲಾರಿಡಾದ ಸಮುದ್ರಕ್ಕೆ, ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗೆ ಹೋಗುತ್ತಲೇ ಇದ್ದರು. 1925ರಿಂದ 1928ರವರೆಗಿನ ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಮನೆಯಿಂದ ಹೊರಗೆ. ಚಿಕ್ಕ ಹುಡುಗರಿಬ್ಬರಿಗೆ ಅಪ್ಪ ಬೇಕಾದ ವಯಸ್ಸು ಅದೇ. ಮುಟ್ಟಿ ಮಾತಾಡಿಸಲು ಅಪ್ಪ ಸಿಗದ ಆ ವರ್ಷಗಳು ಒಂಟಿತನದವು ಅಂತ ಜೇಮ್ಸ್ ಮುಂದೆ ಬರೆದರು. ಎಲೀನರ್‌ಗೆ ನೀರೆಂದರೆ ಹೆದರಿಕೆ. ಆದರೂ ಮಕ್ಕಳಿಗೋಸ್ಕರ ಈಜು ಕಲಿತರು, ಕಾರು ಓಡಿಸುವುದು ಕಲಿತರು, ಹುಡುಗರನ್ನು ಕರೆದುಕೊಂಡು ಡೇರೆ ಹಾಕಿ ಸುತ್ತಿದರು. ನಮ್ಮ ಮನೆಗಳಲ್ಲಿ ಬ್ಯಾಂಕು, ಗ್ಯಾಸು, ಶಾಲೆಯ ಮೀಟಿಂಗು ಎಲ್ಲ ಒಬ್ಬರೇ ನೋಡಿಕೊಳ್ಳುವ ಹೆಣ್ಣುಮಕ್ಕಳ ನೆನಪಾಗುತ್ತದೆ.

ನನ್ನ ಕಸುಬಿಗೆ ಸೇರಿದ್ದೂ ಒಂದಿದೆ. ವಾರ್ಮ್ ಸ್ಪ್ರಿಂಗ್ಸ್‌ನ ಪುಟ್ಟ ಮನೆಗೆ ಬಂದ ಕರೆಂಟ್ ಬಿಲ್ಲಿನ ದರ ಹೈಡ್ ಪಾರ್ಕಿನದರ ನಾಲ್ಕರಷ್ಟು. ಹಳ್ಳಿಯವನು ಯಾಕೆ ಇಷ್ಟು ಕೊಡಬೇಕು ಅನ್ನುವ ಯೋಚನೆ ಅಲ್ಲಿಂದಲೇ ಶುರುವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಧ್ಯಕ್ಷರಾದ ಮೇಲೆ 1935ರಲ್ಲಿ ಹಳ್ಳಿಗಳ ವಿದ್ಯುದೀಕರಣಕ್ಕೆ ಒಂದು ಇಲಾಖೆಯನ್ನೇ ಮಾಡಿದರು. ಆಗ ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬ ರೈತನ ಮನೆಗಷ್ಟೇ ಕರೆಂಟ್ ಇತ್ತು.

1938ರಲ್ಲಿ ಅವರು ಕಟ್ಟಿದ ಪೋಲಿಯೋ ಸಂಸ್ಥೆಗೆ ಜನ ಚಿಲ್ಲರೆ ಕಾಸು ಕಳಿಸಿದರು. ಆ ಹಣದಿಂದ ಬೆಳೆದ ಸಾಲ್ಕ್ ಲಸಿಕೆ ಗೆದ್ದಿತೆಂದು ಸಾರಿದ್ದು 1955ರ ಏಪ್ರಿಲ್ 12ರಂದು. ಅವರು ತೀರಿಕೊಂಡು ಸರಿಯಾಗಿ ಹತ್ತು ವರ್ಷಕ್ಕೆ. ನಾವಿರುವ ಒಮಾನಿನಲ್ಲೂ 1988–89ರಲ್ಲಿ 118 ಮಂದಿಗೆ ಪೋಲಿಯೋ ತಗುಲಿತ್ತು. ಇವತ್ತು ನಮ್ಮ ಮಕ್ಕಳಿಗೆ ಆ ಭಯ ಇಲ್ಲ.

ಐದೂ ಮಕ್ಕಳು ದೊಡ್ಡವರಾದರು, ಹೆಸರೂ ಮಾಡಿದರು. ಆದರೆ ಐವರದೂ ಸೇರಿ ಆದ ಮದುವೆಗಳು 19. ಕಾರಣ ಇದೇ ಅಂತ ಹೇಳಲಿಕ್ಕೆ ನಾವು ಯಾರು? ಇಷ್ಟು ಮಾತ್ರ ಕಾಣುತ್ತದೆ ಗೆಳೆಯರೇ: ಅಪ್ಪನ ಕಾಲು ಹೋದದ್ದಕ್ಕೆ ಆ ಮಕ್ಕಳು ಹೊಂದಿಕೊಂಡರು, ಅಪ್ಪ ಮನೆಯಲ್ಲಿ ಇಲ್ಲದ್ದು ಅವರಿಗೆ ಕಷ್ಟವಾಯಿತು. ನಾವು ದುಡಿಯಲೇಬೇಕು, ದೂರ ಇರಲೇಬೇಕು. ರಜೆಗೆ ಹೋದಾಗ ಮೊದಲ ವಾರ ನೆಂಟರ ಮನೆ, ಬ್ಯಾಂಕು ಅಂತ ಓಡುವುದು ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂರೋಣ. ಅದಕ್ಕೆ ಕಾಲೂ ಬೇಡ, ಕಾಸೂ ಬೇಡ.