ಹುಟ್ಟುಹಬ್ಬದ ದಿನ ಬಂದ ಗೆಲುವು

1990ರ ಏಪ್ರಿಲ್ 8, ಗರಿಗಳ ಭಾನುವಾರ. ಹಂಗೇರಿ ದೇಶದ ಜನರು ಅಂದು ಎರಡನೆಯ ಸುತ್ತಿನ ಮತದಾನಕ್ಕೆ ಹೊರಟಿದ್ದರು. ನಾಲ್ಕು ದಶಕಗಳ ಕಮ್ಯುನಿಸ್ಟ್ ಆಳ್ವಿಕೆಯ ನಂತರ ನಡೆದ ಮೊದಲ ಮುಕ್ತ ಚುನಾವಣೆ ಅದು. ರಾತ್ರಿ ಎಣಿಕೆ ಮುಗಿಯುವ ಹೊತ್ತಿಗೆ, ಬಹುಕಾಲ ಒಂದು ವಸ್ತುಸಂಗ್ರಹಾಲಯದಲ್ಲಿ ದುಡಿದ ಚರಿತ್ರೆಯ ಮೇಷ್ಟ್ರೊಬ್ಬರು ದೇಶದ ಪ್ರಧಾನಿಯಾಗುವುದು ಖಚಿತವಾಗಿತ್ತು. ಅವರೇ ಯೋಜೆಫ್ ಅಂತಾಲ್. ನಮ್ಮಲ್ಲಿ ಜೋಸೆಫ್ ಎನ್ನುವ ಹೆಸರೇ ಅಲ್ಲಿ ಯೋಜೆಫ್. ಅಂದಿಗೆ ಸರಿಯಾಗಿ ಅವರಿಗೆ 58 ವರ್ಷ ತುಂಬಿತ್ತು.

ಅಂತಾಲ್ ಹುಟ್ಟಿದ್ದು 1932ರಲ್ಲಿ, ಬುಡಾಪೆಸ್ಟ್ ನಗರದಲ್ಲಿ. ತಂದೆಯ ಹೆಸರೂ ಯೋಜೆಫ್ ಅಂತಾಲ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ನಿರಾಶ್ರಿತರ ಹೊಣೆ ಹೊತ್ತ ಸರ್ಕಾರಿ ಅಧಿಕಾರಿ. ಪೋಲೆಂಡಿನಿಂದ ಓಡಿಬಂದ ಸಾವಿರಾರು ಜನರಿಗೆ ನೆಲೆ ಒದಗಿಸಿದರು. ಅವರಲ್ಲಿದ್ದ ಯೆಹೂದ್ಯರಿಗೆ ಕ್ರೈಸ್ತರೆಂದು ಕಾಗದಪತ್ರ ಮಾಡಿಸಿಕೊಟ್ಟು ಜೀವ ಉಳಿಸಿದರು. 1944ರಲ್ಲಿ ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿದಾಗ ಗೆಸ್ಟಾಪೊ ಪೊಲೀಸರು ಅವರನ್ನು ಬಂಧಿಸಿದರು. ಆಗ ಮಗನಿಗೆ ಹನ್ನೆರಡರ ಹರೆಯ. ನೆರೆಯವನನ್ನು ಪ್ರೀತಿಸುವುದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬ ಪಾಠ ಆ ಹುಡುಗನಿಗೆ ಮನೆಯಲ್ಲೇ ಸಿಕ್ಕಿತು.

ಇನ್ನೊಂದು ಪಾಠವೂ ಮನೆಯಲ್ಲೇ ಸಿಕ್ಕಿತು. 1945ರ ನವೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ತಂದೆಯ ಪಕ್ಷವಾದ ಸಣ್ಣ ಹಿಡುವಳಿದಾರರ ಪಕ್ಷಕ್ಕೆ ಶೇ. 57ರಷ್ಟು ಮತ ಬಂತು. ತಂದೆ ಮಂತ್ರಿಯೂ ಆದರು. ಆದರೆ ಸೋವಿಯತ್ ಸೇನೆಯ ಬೆಂಬಲವಿದ್ದ ಕಮ್ಯುನಿಸ್ಟರು ಗೆದ್ದ ಪಕ್ಷವನ್ನು ಸ್ವಲ್ಪ ಸ್ವಲ್ಪವಾಗಿ ಒಡೆದು, ಮೂರೇ ವರ್ಷಗಳಲ್ಲಿ ಇಡೀ ಅಧಿಕಾರವನ್ನು ಕೈವಶ ಮಾಡಿಕೊಂಡರು. ಮತಪೆಟ್ಟಿಗೆಯಲ್ಲಿ ಗೆದ್ದದ್ದನ್ನು ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟ ಎಂಬುದನ್ನು ಅಂತಾಲ್ ಮರೆಯಲಿಲ್ಲ.

ಪಿಯಾರಿಸ್ಟ್ ಗುರುಗಳ ಶಾಲೆಯಲ್ಲಿ ಓದಿ, ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಕಲಿತು ಅವರು ಅಧ್ಯಾಪಕರಾದರು. 1956ರಲ್ಲಿ ಜನರು ದಂಗೆಯೆದ್ದಾಗ ತಮ್ಮ ಶಾಲೆಯ ಕ್ರಾಂತಿ ಸಮಿತಿಯ ಮುಂದಾಳಾದರು. ಸೋವಿಯತ್ ಟ್ಯಾಂಕುಗಳು ದಂಗೆಯನ್ನು ಹತ್ತಿಕ್ಕಿದವು. ಅಂತಾಲರನ್ನು ಬಂಧಿಸಿ ವಿಚಾರಣೆ ಮಾಡಿದರು; 1959ರಲ್ಲಿ ಅಧ್ಯಾಪಕ ವೃತ್ತಿಯಿಂದಲೇ ಹೊರಹಾಕಿದರು. ಪಾಠ ಹೇಳುವುದೇ ಪ್ರಾಣವಾದ ಮನುಷ್ಯನಿಗೆ ಮಕ್ಕಳ ಮುಂದೆ ನಿಲ್ಲಬಾರದೆಂಬ ಶಿಕ್ಷೆ!

ಬಹಳ ಜನ ದೇಶ ಬಿಟ್ಟು ಹೋದರು. ಅಂತಾಲ್ ಹೋಗಲಿಲ್ಲ. 1964ರಲ್ಲಿ ವೈದ್ಯಕೀಯ ಚರಿತ್ರೆಯ ಸೆಮೆಲ್ವೈಸ್ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಅದರ ನಿರ್ದೇಶಕರಾದರು. ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ತಪ್ಪುತ್ತದೆಂದು 1847ರಲ್ಲೇ ತೋರಿಸಿಕೊಟ್ಟ ವೈದ್ಯ ಸೆಮೆಲ್ವೈಸ್. ಅವರ ಮಾತನ್ನು ಸಮಕಾಲೀನರು ಕೇಳಲಿಲ್ಲ. ಸತ್ತ ಮೇಲೆ ಲೋಕ ಒಪ್ಪಿತು. ಅಂಥವರು ಹುಟ್ಟಿದ ಮನೆಯಲ್ಲಿ ಅಂತಾಲ್ ಕಾಲು ಶತಮಾನ ಸದ್ದಿಲ್ಲದೆ ದುಡಿದರು. ಹೆಂಡತಿ ಕ್ಲಾರಾ, ಇಬ್ಬರು ಗಂಡುಮಕ್ಕಳು, ಪುಸ್ತಕಗಳು - ಇದೇ ಅವರ ಲೋಕ.

1989ರಲ್ಲಿ ಗಾಳಿ ತಿರುಗಿತು. ಅಧಿಕಾರದಲ್ಲಿದ್ದವರೇ ವಿರೋಧಿಗಳೊಡನೆ ದುಂಡುಮೇಜಿನ ಮಾತುಕತೆಗೆ ಕುಳಿತರು. ಕಾನೂನು, ಚರಿತ್ರೆಗಳನ್ನು ಆಳವಾಗಿ ಬಲ್ಲ ಅಂತಾಲ್ ಅಲ್ಲಿ ಎಲ್ಲರ ಗಮನ ಸೆಳೆದರು. ಅಕ್ಟೋಬರಿನಲ್ಲಿ ಹಂಗೇರಿಯನ್ ಪ್ರಜಾಸತ್ತಾತ್ಮಕ ವೇದಿಕೆಯ ಅಧ್ಯಕ್ಷರಾದರು. ಮರುವರ್ಷ ಮಾರ್ಚ್ 25ರಂದು ಮೊದಲ ಸುತ್ತಿನ ಮತದಾನ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದ ಕ್ಷೇತ್ರಗಳಲ್ಲಿ ಮತ್ತೆ ಮತದಾನ ನಡೆಯಬೇಕಿತ್ತು. ಬಹುತೇಕ ಕ್ಷೇತ್ರಗಳ ಗತಿ ಅದೇ ಆಯಿತು. ಎರಡನೆಯ ಸುತ್ತು ಮುಗಿದಾಗ 386 ಸ್ಥಾನಗಳಲ್ಲಿ ವೇದಿಕೆಗೆ 164 ದೊರೆತಿದ್ದವು. ಸಣ್ಣ ಹಿಡುವಳಿದಾರರ ಪಕ್ಷ ಮತ್ತು ಕ್ರೈಸ್ತ ಪ್ರಜಾಪ್ರಭುತ್ವವಾದಿಗಳನ್ನು ಜೊತೆಗೂಡಿಸಿಕೊಂಡು ಅಂತಾಲ್ ಮೇ 23ರಂದು ಪ್ರಧಾನಿಯಾದರು. ತಂದೆಯ ಕಾಲದಲ್ಲಿ ಕಡಿದುಹೋದ ದಾರ ಮಗನ ಕೈಯಲ್ಲಿ ಮತ್ತೆ ಕೂಡಿಕೊಂಡಿತು.

ಆದರೆ ಶಿಲುಬೆ ದೂರವಿರಲಿಲ್ಲ. ಅದೇ ವರ್ಷ ಅವರಿಗೆ ಕ್ಯಾನ್ಸರ್ ಇರುವುದು ತಿಳಿಯಿತು. ಅಕ್ಟೋಬರಿನಲ್ಲಿ ಪೆಟ್ರೋಲ್ ಬೆಲೆ ಒಮ್ಮೆಲೇ ಏರಿದಾಗ ಟ್ಯಾಕ್ಸಿ ಚಾಲಕರು ಸೇತುವೆಗಳನ್ನೂ ರಸ್ತೆಗಳನ್ನೂ ತಡೆದು ದೇಶವನ್ನೇ ನಿಲ್ಲಿಸಿಬಿಟ್ಟರು. ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದ ಪ್ರಧಾನಿ ರೋಗಿಯ ಉಡುಪಿನಲ್ಲೇ ದೂರದರ್ಶನದಲ್ಲಿ ಕಾಣಿಸಿಕೊಂಡು ಜನರೊಡನೆ ಮಾತನಾಡಿದರು. ಗುಂಡು ಹಾರಲಿಲ್ಲ, ಮಾತುಕತೆಯಲ್ಲೇ ವಿಷಯ ಬಗೆಹರಿಯಿತು. ವಾರ್ಸಾ ಒಕ್ಕೂಟದ ಸೇನಾಕೂಟವನ್ನು ವಿಸರ್ಜಿಸಬೇಕೆಂದು ಅವರು 1990ರಲ್ಲಿ ಮಾಸ್ಕೋದಲ್ಲೇ ಸೂಚಿಸಿದ್ದರು. ಕೊನೆಯ ಸೋವಿಯತ್ ಸೈನಿಕ 1991ರ ಜೂನ್‌ನಲ್ಲಿ ಹಂಗೇರಿ ಬಿಟ್ಟುಹೋದ.

ಇಷ್ಟಾದರೂ ಜನರ ಅಸಮಾಧಾನ ಕಡಿಮೆಯಾಗಲಿಲ್ಲ. ಕಾರ್ಖಾನೆಗಳು ಮುಚ್ಚಿದವು, ಬೆಲೆಗಳು ಏರಿದವು. ಅವರ ಭಾಷಣಗಳು ತರಗತಿಯ ಪಾಠದಂತಿವೆ ಎಂದು ಆಡಿಕೊಂಡವರೂ ಇದ್ದರು. ಚಿಕಿತ್ಸೆಯ ನೋವಿನ ನಡುವೆಯೂ ಅಂತಾಲ್ ಹೊಣೆ ಬಿಡಲಿಲ್ಲ. 1993ರ ಡಿಸೆಂಬರ್ 12ರಂದು, ಪ್ರಧಾನಿಯಾಗಿರುವಾಗಲೇ ತೀರಿಕೊಂಡರು.

ಮುಂದಿನ ವರ್ಷದ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಹಳೆಯ ಆಡಳಿತ ಪಕ್ಷದಿಂದ ಹೊಮ್ಮಿದ ಸಮಾಜವಾದಿಗಳೇ ಗೆದ್ದರು. ಹಾಗಾದರೆ ಅವರ ಶ್ರಮವೆಲ್ಲ ವ್ಯರ್ಥವಾಯಿತೆ? ಇಲ್ಲ. 1945ರಲ್ಲಿ ಗೆದ್ದವರನ್ನು ಬಲಾತ್ಕಾರದಿಂದ ಇಳಿಸಲಾಗಿತ್ತು. 1994ರಲ್ಲಿ ಸೋತವರು ತಾವಾಗಿಯೇ ಎದ್ದು ಗೆದ್ದವರಿಗೆ ಕುರ್ಚಿ ಬಿಟ್ಟುಕೊಟ್ಟರು. ಅಂತಾಲ್ ಬಯಸಿದ ದೇಶ ಇಂಥದೇ ಆಗಿತ್ತು.

ಪ್ರಿಯ ಓದುಗರೇ, ಒಬ್ಬ ತಂದೆ ಮನೆಯಲ್ಲಿ ಬಿತ್ತಿದ ಬೀಜ ಮೊಳೆತು ಫಲ ಕೊಡಲು ನಲವತ್ತೈದು ವರ್ಷ ಬೇಕಾಯಿತು. ನಮ್ಮ ಮಕ್ಕಳು ನಮ್ಮ ಮಾತಿಗಿಂತ ನಮ್ಮ ನಡೆಯನ್ನು ನೋಡುತ್ತಾರೆ. ಅವರು ಏನನ್ನು ನೆನಪಿಟ್ಟುಕೊಳ್ಳುತ್ತಾರೋ, ಯಾವ ದಿನ ಅದು ಕೆಲಸಕ್ಕೆ ಬರುತ್ತದೋ, ನಮಗೆ ತಿಳಿಯದು. ಬಿತ್ತುವ ಕೆಲಸ ಮಾತ್ರ ನಮ್ಮದು.